ಅವ್ವನ ನೋಟ್‌ಬುಕ್ಕಿನಲ್ಲಿ ಇಲ್ಲದ ಹೆಸರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ದವಾಖಾನೆಗಳಲ್ಲಿ ದುಡಿಯುವ ಎಲ್ಲ ಸಿಸ್ಟರ್‌ಗಳಿಗೆ, ಬ್ರದರ್‌ಗಳಿಗೆ, ಉಪಕೇಂದ್ರಗಳ ಅಕ್ಕಂದಿರಿಗೆ,

ನನ್ನ ಅವ್ವ ನಿಮ್ಮ ಪೈಕಿಯವಳೇ. ಸವದತ್ತಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಮೂವತ್ತೆರಡು ವರ್ಷ ಎಎನ್‌ಎಂ ಆಗಿದ್ದಳು. ಊರವರು ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಅವಳು ನರ್ಸಬಾಯಿ. ಗುರುವಾರ ಬಂತೆಂದರೆ ಲಸಿಕೆಯ ಐಸ್ ಡಬ್ಬಿ ಹೆಗಲಿಗೆ, ಉಳಿದ ದಿನ ಬಿಪಿ ಮಷೀನಿನ ಚೀಲ. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಎರಿಹೊಲದ ದಾರಿಯಲ್ಲಿ ನಡಿಗೆ. 2019ರಲ್ಲಿ ನಿವೃತ್ತಳಾದಳು. ಎರಡು ವರ್ಷ ಕಳೆದ ಮೇಲೆ ಒಂದು ಮುಂಜಾನೆ ಚಹಾದ ಕಪ್ಪು ಅವಳ ಬಲಗೈಯಿಂದ ಜಾರಿ ಬಿತ್ತು, ಬಾಯಿ ಒಂದು ಕಡೆ ವಾಲಿತು. ಲಕ್ವಾ. ದವಾಖಾನೆಗೆ ಒಯ್ದಾಗ ಬಿಪಿ 210/120. ‘ಎಷ್ಟು ವರ್ಷದಿಂದ ಐತಿ ಇವರಿಗೆ ಬಿಪಿ?’ ಎಂದು ಡಾಕ್ಟರು ಕೇಳಿದರು. ಅಪ್ಪ ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ. ಯಾರಿಗೂ ಗೊತ್ತಿರಲಿಲ್ಲ. ಊರಿಗೆಲ್ಲ ಬಿಪಿ ನೋಡಿದವಳಿಗೇ ತನ್ನ ಬಿಪಿ ಎಂದಿನಿಂದ ಇತ್ತೆಂದು ಗೊತ್ತಿರಲಿಲ್ಲ.

ಅವಳು ದವಾಖಾನೆಯಲ್ಲಿದ್ದಾಗ ಮನೆಯ ಟ್ರಂಕು ತೆರೆದೆ. ಸರ್ಕಾರದ ರಿಜಿಸ್ಟರುಗಳನ್ನು ಒಪ್ಪಿಸಿ ಬಂದಿದ್ದಳಾದರೂ ತನ್ನ ಲೆಕ್ಕಕ್ಕೆಂದು ಬರೆದಿಟ್ಟುಕೊಂಡಿದ್ದ ಒಂದು ದಪ್ಪ ನೋಟ್‌ಬುಕ್ಕು ಅಲ್ಲಿತ್ತು. ಕೆಲಸದ ಕಡೆಯ ವರ್ಷಗಳಲ್ಲಿ ಮೂವತ್ತು ದಾಟಿದವರ ಬಿಪಿ, ಸಕ್ಕರೆ ನೋಡುವ ಜವಾಬ್ದಾರಿ ಬಂದಾಗ ಓಣಿ ಓಣಿಯ ಲೆಕ್ಕವನ್ನು ಅದರಲ್ಲಿ ಬರೆದಿದ್ದಳು. ಕೈ ಚಾಚದೆ ಮೂರು ಸಲ ವಾಪಸು ಕಳಿಸಿದ ಅಜ್ಜನ ಹೆಸರಿನ ಮುಂದೆ ‘ಒಲ್ಲೆ ಅಂದಾರ, ಮತ್ತ ಹೋಗಬೇಕು’ ಎಂದಿತ್ತು. ಮುಂದಿನ ತಿಂಗಳ ಹಾಳೆಯಲ್ಲಿ ಅದೇ ಅಜ್ಜನ ಬಿಪಿ ಬರೆದಿತ್ತು. ಅಪ್ಪನದಿತ್ತು, ನನ್ನದಿತ್ತು. ಅವಳದನ್ನು ಹುಡುಕಿದೆ. ಮೊದಲ ಹಾಳೆಯಿಂದ ಕಡೆಯ ಹಾಳೆಯವರೆಗೆ ಎರಡು ಸಲ ಹುಡುಕಿದೆ. ಇರಲಿಲ್ಲ.

ಮಾತು ಮರಳಿ ಬಂದ ಮೇಲೆ ಕೇಳಿದೆ: ‘ಎಲ್ಲಾರದೂ ಬರಕೊಂಡಿ, ನಿಂದ್ಯಾಕ ಬರಕೊಳ್ಳಲಿಲ್ಲ?’ ಅವ್ವ ತೊದಲುತ್ತ ಹೇಳಿದಳು: ‘ನಾ ಏನ ಪೇಷಂಟಾ?’

ಈ ಪತ್ರ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ನಿಮ್ಮಲ್ಲಿ ಎಷ್ಟು ಜನ ಇದೇ ಮಾತನ್ನು ಒಳಗೊಳಗೇ ಹೇಳಿಕೊಂಡು ಡ್ಯೂಟಿಗೆ ಹೋಗುತ್ತಿದ್ದೀರೋ ಎಂಬ ಹೆದರಿಕೆಯಿಂದ ಬರೆಯುತ್ತಿದ್ದೇನೆ.

ನಿಮ್ಮ ಕೆಲಸ ನನಗೆ ಹೊರಗಿನಿಂದ ಕಂಡದ್ದಷ್ಟೇ, ಆದರೆ ಹತ್ತಿರದಿಂದ ಕಂಡದ್ದು. ಪುಣೆ–ಬೆಂಗಳೂರು ಹೆದ್ದಾರಿ ಕಿತ್ತೂರಿನ ಮಗ್ಗುಲಿನಲ್ಲೇ ಹಾಯುತ್ತದೆ. ರಾತ್ರಿ ಎರಡು ಗಂಟೆಗೆ ಅಪಘಾತದ ಕೇಸು ಬಂದರೆ ಮೊದಲು ಎದ್ದು ನಿಲ್ಲುವುದು ನೀವು. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂದರೆ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳಲ್ಲಿ ಲಕ್ಷಗಟ್ಟಲೆ ಜನ ಬರುತ್ತಾರೆ. ಉಧೋ ಉಧೋ ಎನ್ನುವ ಆ ಜನಜಾತ್ರೆಯಲ್ಲಿ ವಾಂತಿಭೇದಿ, ಜ್ವರ, ತಲೆತಿರುಗು, ಕಾಲ್ತುಳಿತದ ಗಾಯ ಎಲ್ಲವೂ ಸವದತ್ತಿಯ ಸಿಸ್ಟರ್‌ಗಳ ಕೈಗೇ ಬರುತ್ತವೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಡ್ಯಾಮಿನಿಂದ ನೀರು ಬಿಟ್ಟು ಮಲಪ್ರಭೆ ರಾಮದುರ್ಗದ ಓಣಿಗಳಿಗೆ ನುಗ್ಗಿದಾಗ, ಸ್ವಂತ ಮನೆಯ ಸಾಮಾನು ಅಟ್ಟಕ್ಕೇರಿಸಿ ಗಂಜಿಕೇಂದ್ರಕ್ಕೆ ಔಷಧದ ಪೆಟ್ಟಿಗೆ ಹೊತ್ತವರು ನೀವು. ಬೈಲಹೊಂಗಲದ ಹೆರಿಗೆ ವಾರ್ಡಿನ ಮುಂದೆ ನಾನೊಂದು ರಾತ್ರಿ ಕಳೆದಿದ್ದೇನೆ. ಒಬ್ಬರೇ ಸಿಸ್ಟರ್, ಮೂರು ಕಡೆಯಿಂದ ಕೂಗು. ಅವರು ಬೆಳಗಿನವರೆಗೆ ಕೂತದ್ದನ್ನು ನಾನು ನೋಡಲಿಲ್ಲ.

ಇಂಥ ಕೆಲಸವನ್ನು ನಾವು ಹೊಗಳುತ್ತೇವೆ. ಅದರಲ್ಲಿ ನಮಗೆ ಕೊರತೆಯಿಲ್ಲ. 2020ರ ಮಾರ್ಚ್ 22ರ ಸಂಜೆ ಐದಕ್ಕೆ ತಾಟು ಬಾರಿಸಿದೆವು. ಪ್ರತಿವರ್ಷ ಮೇ 12ಕ್ಕೆ ಶಾಲು, ಹಾರ, ‘ಚೆನ್ನಮ್ಮನ ನಾಡಿನ ವೀರವನಿತೆಯರು’ ಎಂಬ ಭಾಷಣ. ಭಾಷಣ ಮಾಡುವವರು ತ್ಯಾಗ ಎಂಬ ಪದವನ್ನು ಎಷ್ಟು ಸಲ ಬಳಸುತ್ತಾರೆ, ನೀವೇ ಎಣಿಸಿ ನೋಡಿ. ನನಗೆ ಆ ಪದದ ಮೇಲೆ ಸಿಟ್ಟಿದೆ. ತ್ಯಾಗ ಎಂದು ಕರೆದ ಕೂಡಲೇ ಸೊಂಟನೋವಿಗೆ ಕುರ್ಚಿ ಕೊಡುವ, ಇಬ್ಬರ ಕೆಲಸಕ್ಕೆ ಇಬ್ಬರನ್ನು ಹಾಕುವ ಹೊಣೆ ಯಾರ ಮೇಲೂ ಉಳಿಯುವುದಿಲ್ಲ.

ಅದೇ ಮೇ 12ರಂದು, 1820ರಲ್ಲಿ ಹುಟ್ಟಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಕೈಯಲ್ಲಿ ದೀಪವಿರುವ ಚಿತ್ರ ನಿಮ್ಮ ನರ್ಸಿಂಗ್ ಸ್ಕೂಲಿನ ಗೋಡೆಯ ಮೇಲಿತ್ತು. ನೀವು ದೀಪ ಹಚ್ಚಿ ಪ್ರತಿಜ್ಞೆ ಮಾಡಿದ್ದು ಅದರ ಮುಂದೆಯೇ. ಆದರೆ ಅವರು ಹಾಸಿಗೆ ಹಿಡಿದ ಚಿತ್ರವನ್ನು ಯಾರೂ ತೂಗುಹಾಕುವುದಿಲ್ಲ. ಕ್ರಿಮಿಯಾ ಯುದ್ಧದ ಸೈನಿಕರ ಶುಶ್ರೂಷೆಗೆ 1854ರಲ್ಲಿ ಹೋದ ಆಕೆ ಮರುವರ್ಷವೇ ಭಾರೀ ಜ್ವರದಲ್ಲಿ ಸಾವಿನ ಬಾಗಿಲು ತಟ್ಟಿ ಬಂದರು. ಬ್ರುಸೆಲೋಸಿಸ್ ಇದ್ದಿರಬೇಕೆಂದು ಈಗಿನ ಹಲವು ವೈದ್ಯರ ಅಂದಾಜು. ಊರಿಗೆ ಮರಳಿದಾಗ ಅವರಿಗೆ ಮೂವತ್ತಾರು ವಯಸ್ಸು. ಆಮೇಲೆ ಎಷ್ಟೋ ವರ್ಷ ಬೆನ್ನುನೋವು, ನಿಶ್ಶಕ್ತಿಯಿಂದ ಕೋಣೆ ಬಿಟ್ಟು ಹೊರಬರಲಾಗದೆ ಕಳೆದರು. ಭಾರತದ ನೈರ್ಮಲ್ಯದ ಬಗ್ಗೆ ಅವರು ಪುಟಗಟ್ಟಲೆ ಬರೆದದ್ದೂ ಆ ಕೋಣೆಯಿಂದಲೇ. ದೀಪದ ಬುಡದಲ್ಲಿ ಕತ್ತಲು ಎಂಬ ನಮ್ಮ ಮಾತು ಅವರಿಗೂ ಸಲ್ಲುತ್ತದೆ, ನನ್ನ ಅವ್ವನಿಗೂ ಸಲ್ಲುತ್ತದೆ.

ಇನ್ನೊಂದು ಸಂಗತಿ ಹೇಳಬೇಕು. ಇದನ್ನು ಮೊದಲ ಸಲ ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಹೆಂಗಸರ ಹೃದಯದ ಬೇನೆ, ಸ್ತನದ ಕ್ಯಾನ್ಸರ್, ಮಧುಮೇಹ ಇವುಗಳ ಬಗ್ಗೆ ಇವತ್ತು ಡಾಕ್ಟರುಗಳು ಹೇಳುವ ಬುದ್ಧಿಮಾತಿನಲ್ಲಿ ದೊಡ್ಡ ಪಾಲು ಬಂದಿರುವುದು ನರ್ಸ್‌ಗಳಿಂದ. 1976ರಲ್ಲಿ ಅಮೆರಿಕದಲ್ಲಿ 30ರಿಂದ 55 ವಯಸ್ಸಿನ 1,21,700 ನರ್ಸ್‌ಗಳನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರುವಾಯಿತು. ನರ್ಸಸ್ ಹೆಲ್ತ್ ಸ್ಟಡಿ ಎಂದು ಅದರ ಹೆಸರು. ವೈದ್ಯಕೀಯ ಪ್ರಶ್ನೆಗೆ ಸರಿಯಾಗಿ, ಸುಳ್ಳಿಲ್ಲದೆ ಉತ್ತರ ಬರೆಯಬಲ್ಲವರು ಎಂಬ ನಂಬಿಕೆಯಿಂದ ನರ್ಸ್‌ಗಳನ್ನೇ ಆರಿಸಿದರು. ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಪ್ರಶ್ನೆಗಳು ಬರುತ್ತಿದ್ದವು. ಏನು ತಿನ್ನುತ್ತೀರಿ, ಎಷ್ಟು ನಡೆಯುತ್ತೀರಿ, ಯಾವ ರೋಗ ಬಂದಿದೆ ಎಂದು ಕೇಳುತ್ತಿದ್ದವು. ಅವರು ದಶಕಗಟ್ಟಲೆ ಉತ್ತರ ಬರೆದರು. ಜಗತ್ತು ಅದರಿಂದ ಕಲಿಯಿತು.

ಅವರ ಉತ್ತರಗಳಿಂದಲೇ 1995ರಲ್ಲಿ ಒಂದು ಲೆಕ್ಕ ಹೊರಬಂತು. ಹಗಲು ಪಾಳಿಗಳ ಜೊತೆಗೆ ತಿಂಗಳಿಗೆ ಕನಿಷ್ಠ ಮೂರು ರಾತ್ರಿ ಪಾಳಿಯನ್ನು ಆರು ವರ್ಷ ಅಥವಾ ಹೆಚ್ಚು ಕಾಲ ಮಾಡಿದ ನರ್ಸ್‌ಗಳಲ್ಲಿ, ರಾತ್ರಿ ಪಾಳಿ ಮಾಡದವರಿಗಿಂತ ಹೃದಯಾಘಾತದಂಥ ಕಾಯಿಲೆ ಸುಮಾರು ಒಂದೂವರೆ ಪಟ್ಟು ಕಂಡಿತು. ತಿಂಗಳಿಗೆ ಮೂರು ರಾತ್ರಿ! ನಿಮ್ಮ ಡ್ಯೂಟಿ ಚಾರ್ಟಿನಲ್ಲಿ ಎಷ್ಟಿವೆ, ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2007ರಲ್ಲಿ, ಮತ್ತೆ 2019ರಲ್ಲಿ ಪರಿಶೀಲಿಸಿ, ರಾತ್ರಿ ಪಾಳಿಯ ದುಡಿಮೆಯನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಲ್ಲ ಸಂಗತಿಗಳ ಗುಂಪಿಗೆ ಸೇರಿಸಿದೆ. ರಾತ್ರಿ ದುಡಿದವರಿಗೆಲ್ಲ ರೋಗ ಕಟ್ಟಿಟ್ಟದ್ದು ಎಂದು ಇದರರ್ಥವಲ್ಲ, ಹೆದರಬೇಡಿ. ಆದರೆ ರಾತ್ರಿ ಪಾಳಿಯ ನರ್ಸ್ ತನ್ನ ಬಿಪಿ, ಸಕ್ಕರೆ, ತೂಕವನ್ನು ಬೇರೆಯವರಿಗಿಂತ ಹೆಚ್ಚು ಸಲ ನೋಡಿಕೊಳ್ಳಬೇಕು ಎನ್ನಲು ಇಷ್ಟು ಸಾಕು.

ನಿದ್ದೆಯ ಮಾತು ಬಂದರೆ ನಮ್ಮ ಕಡೆಯ ಮನೆಗಳ ಕಥೆಯನ್ನೂ ಹೇಳಲೇಬೇಕು. ಬೆಳಿಗ್ಗೆ ಎಂಟಕ್ಕೆ ನೈಟ್ ಡ್ಯೂಟಿ ಮುಗಿಸಿ ಬಂದ ಸೊಸೆ ಒಂಬತ್ತಕ್ಕೆ ರೊಟ್ಟಿ ಬಡಿಯುತ್ತಾಳೆ. ಹನ್ನೊಂದಕ್ಕೆ ಮಲಗಿದರೆ ಹನ್ನೆರಡಕ್ಕೆ ಯಾರೋ ಬಾಗಿಲು ಬಡಿಯುತ್ತಾರೆ: ‘ಸಿಸ್ಟರ್ ಅದಾರೇನ್ರಿ? ಹುಡುಗಗ ಜ್ವರ ಬಂದೈತಿ.’ ಹಾಡಹಗಲು ಮಲಗಿದ ಹೆಂಗಸು ಮೈಗಳ್ಳಿ ಎಂಬ ಮಾತು ಇನ್ನೂ ಸತ್ತಿಲ್ಲ. ಅತ್ತೆ–ಮಾವಂದಿರೇ, ಗಂಡಂದಿರೇ, ಈ ಪತ್ರ ನಿಮ್ಮ ಕೈಗೂ ಬಂದಿದ್ದರೆ ದಯವಿಟ್ಟು ಓದಿ. ಅವಳಿಗೆ ಅದು ರಾತ್ರಿ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಅವಳ ಫೋನನ್ನು ನೀವು ಇಟ್ಟುಕೊಳ್ಳಿ, ಆ ದಿನದ ರೊಟ್ಟಿಯನ್ನು ಖಾನಾವಳಿಯಿಂದ ತನ್ನಿ. ಸಿಸ್ಟರ್, ನೀವು ಪಾಳಿಯ ಎರಡನೇ ಅರ್ಧದಲ್ಲಿ ಚಹಾ ಬಿಡಿ. ಬೆಳಗಿನ ಜಾವದ ಚಹಾ ಆರೇಳು ತಾಸು ಮೈಯಲ್ಲೇ ಉಳಿದು ಹಗಲಿನ ನಿದ್ದೆ ಕೆಡಿಸುತ್ತದೆ. ಜೊತೆಗಾರರಿದ್ದರೆ ಸರದಿಯಂತೆ ಇಪ್ಪತ್ತು–ಮೂವತ್ತು ನಿಮಿಷ ಕಣ್ಣು ಮುಚ್ಚಿ. ನೈಟ್ ಮುಗಿಸಿ ಸ್ಕೂಟಿ ಹತ್ತಬೇಡಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ. ಕಣ್ಣು ಎಳೆಯುವ ಹೊತ್ತಿನಲ್ಲಿ ಅದರಷ್ಟು ಸುರಕ್ಷಿತ ದಾರಿ ಬೇರೆಯಿಲ್ಲ.

ಡ್ಯೂಟಿ ಚಾರ್ಟ್ ಬರೆಯುವ ಹಿರಿಯ ಸಿಸ್ಟರ್‌ಗಳಿಗೆ ಒಂದು ಕೋರಿಕೆ. ಪಾಳಿ ತಿರುಗಿಸುವಾಗ ಬೆಳಗು, ಮಧ್ಯಾಹ್ನ, ರಾತ್ರಿ ಎಂದು ಗಡಿಯಾರದ ಜೊತೆ ಮುಂದಕ್ಕೆ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಮೈ ಒಗ್ಗಿಕೊಳ್ಳುವುದು ಕಷ್ಟ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಈಗ ಸೊಂಟ. ನಲವತ್ತು ದಾಟಿದ ಸಿಸ್ಟರ್‌ಗಳ ನಡುವೆ ಕೂತರೆ ಐದು ನಿಮಿಷದಲ್ಲಿ ಈ ಮಾತು ಬಂದೇ ಬರುತ್ತದೆ. ಅಮೆರಿಕದಲ್ಲಿ ದುಡಿಯುವವರ ಸುರಕ್ಷತೆಯನ್ನು ಅಧ್ಯಯನ ಮಾಡುವ ನಿಯೋಶ್ ಎಂಬ ಸರ್ಕಾರಿ ಸಂಸ್ಥೆ, ಅನುಕೂಲ ಎಲ್ಲ ಸರಿಯಿದ್ದಾಗಲೂ ಒಬ್ಬ ನರ್ಸ್ ಕೈಯಿಂದ ಎತ್ತಬಹುದಾದ ರೋಗಿಯ ಭಾರಕ್ಕೆ 35 ಪೌಂಡಿನ ಮಿತಿ ಹಾಕಿದೆ. ಎಂದರೆ ಸುಮಾರು 16 ಕಿಲೋ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 45 ಕಿಲೋದ ಯೂರಿಯಾ ಚೀಲದ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ನೀವು ಸ್ಟ್ರೆಚರಿನಿಂದ ಮಂಚಕ್ಕೆ ಎಳೆಯುವ ಮನುಷ್ಯ 60–70 ಕಿಲೋ ಇರುತ್ತಾನೆ, ನೋವಿನಿಂದ ಒದ್ದಾಡುತ್ತಿರುತ್ತಾನೆ, ಚೀಲದಂತೆ ಸುಮ್ಮನಿರುವುದಿಲ್ಲ. ಬೈಲಹೊಂಗಲದ ಮಾರ್ಕೆಟ್ಟಿನ ಹಮಾಲರು ಅಷ್ಟು ಭಾರ ಎತ್ತುವಾಗ ಇನ್ನೊಬ್ಬನನ್ನು ಕರೆಯುತ್ತಾರೆ. ಅದರಲ್ಲಿ ಅವರಿಗೆ ನಾಚಿಕೆಯಿಲ್ಲ. ನಿಮಗೂ ಬೇಡ. ವಾರ್ಡ್ ಬಾಯ್ ಬರುವತನಕ ಎರಡು ನಿಮಿಷ ಕಾಯಿರಿ. ಅವನೂ ಇಲ್ಲದಿದ್ದರೆ ಹೊರಗೆ ನಿಂತ ನಾಲ್ಕು ಜನ ಸಂಬಂಧಿಕರಲ್ಲಿ ಗಟ್ಟಿಮುಟ್ಟಾದ ಇಬ್ಬರನ್ನು ಕರೆದು ಹೇಗೆ ಹಿಡಿಯಬೇಕೆಂದು ಹೇಳಿ. ಮಂಚದ ಎತ್ತರ ಸೊಂಟದ ಮಟ್ಟಕ್ಕೆ ಬರಲಿ. ಎತ್ತುವ ಬದಲು ಹಾಸಿದ ಚಾದರದ ಸಮೇತ ಜಾರಿಸಿ. ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ. ನಡು ತಿರುವಿಕೊಂಡು ಎಂದೂ ಎತ್ತಬೇಡಿ. ರೋಗಿಗೆ ಎಚ್ಚರವಿದ್ದರೆ ‘ಮೊಣಕಾಲ ಮಡಚ್ರಿ, ನಾ ಮೂರ ಅಂದಾಗ ಒತ್ರಿ’ ಎಂದರೆ ಅರ್ಧ ಭಾರ ಅವರೇ ಹೊರುತ್ತಾರೆ. ಇದೆಲ್ಲ ನಿಮಗೆ ಕಲಿಸಿದ್ದೇ. ಅವಸರದಲ್ಲಿ ಮೊದಲು ಮರೆಯುವುದೂ ಇದನ್ನೇ.

ಕಾಲಿನ ನರ ಉಬ್ಬಿ ನೀಲಿಯಾಗಿದ್ದರೆ ಸೀರೆಯ ನೆರಿಗೆಯಲ್ಲಿ, ಚೂಡಿದಾರದಲ್ಲಿ ಮುಚ್ಚಿಕೊಂಡು ವರ್ಷ ದೂಡಬೇಡಿ. ಅವ್ವ ಹಾಗೆ ಮುಚ್ಚಿಕೊಂಡಿದ್ದಳು. ಡಾಕ್ಟರಿಗೆ ತೋರಿಸಿ, ಅಳತೆ ಕೊಟ್ಟು ಬಿಗಿಗಾಲುಚೀಲ ತರಿಸಿಕೊಳ್ಳಿ. ಮನೆಗೆ ಬಂದು ಹತ್ತು ನಿಮಿಷ ಕಾಲನ್ನು ಗೋಡೆಗೆ ಎತ್ತಿಟ್ಟು ಮಲಗಿ. ಚಪ್ಪಲಿಗೆ ನೂರಿನ್ನೂರು ಉಳಿಸುವ ಆಸೆ ಬೇಡ. ದಿನಕ್ಕೆ ಎಂಟು ತಾಸು ನಿಲ್ಲುವವರ ಮೊದಲ ಸಲಕರಣೆ ಅದು.

ಸೂಜಿಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ, ಕ್ಷಮಿಸಿ. ನಿಮ್ಮಲ್ಲಿ ಎಷ್ಟು ಜನಕ್ಕೆ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿವೆ? ಒಂದು, ಎರಡು ತೆಗೆದುಕೊಂಡು ಆರನೇ ತಿಂಗಳಿನದನ್ನು ಮರೆತವರು ನನಗೇ ಕೆಲವರು ಗೊತ್ತು. ರಕ್ಷಣೆ ಇಲ್ಲದ ನರ್ಸ್‌ಗೆ ಹೆಪಟೈಟಿಸ್ ಬಿ ಇರುವ ರೋಗಿಯ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30. ಎಚ್‌ಐವಿಯಲ್ಲಿ ಅದು ಸಾವಿರಕ್ಕೆ 3. ನಾವು ಎಚ್‌ಐವಿಗೆ ಹೆದರುತ್ತೇವೆ, ಅದಕ್ಕಿಂತ ಹತ್ತಾರು ಪಟ್ಟು ಸುಲಭವಾಗಿ ಅಂಟುವ, ಲಸಿಕೆಯಿಂದ ತಡೆಯಬಹುದಾದ ರೋಗವನ್ನು ಮರೆಯುತ್ತೇವೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಆರೋಗ್ಯ ಸಿಬ್ಬಂದಿಗೆ ಈ ಲಸಿಕೆ ಹಾಕಿಸುವುದೂ ಸೇರಿದೆ. ಕೇಳಿ ಪಡೆಯಿರಿ. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿದರೆ ಮೈಯಲ್ಲಿ ರಕ್ಷಣೆ ಬಂದಿದೆಯೋ ಇಲ್ಲವೋ ತಿಳಿಯುತ್ತದೆ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ನೇರ ಕಟ್ಟರಿಗೆ, ಬಿಳಿ ಡಬ್ಬಿಗೆ. ಅಷ್ಟಾದರೂ ಚುಚ್ಚಿದರೆ ಬೆರಳನ್ನು ಹಿಂಡಬೇಡಿ, ಬಾಯಿಗೆ ಇಡಬೇಡಿ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದಾದರೆ ಎರಡು ತಾಸಿನೊಳಗೆ ಶುರುವಾದರೆ ಒಳ್ಳೆಯದು, 72 ತಾಸು ದಾಟಿದ ಮೇಲೆ ಉಪಯೋಗವಿಲ್ಲ, 28 ದಿನ ತಪ್ಪದೆ ನುಂಗಬೇಕು. ‘ಬೈಸಿಕೊಳ್ಳಬೇಕಾಗತೈತಿ’ ಎಂದು ಮುಚ್ಚಿಡಬೇಡಿ. ಸೂಜಿ ಚುಚ್ಚಿದ್ದು ತಪ್ಪೊಪ್ಪಿಗೆಯ ವಿಷಯವಲ್ಲ, ಕೆಲಸದ ಗಾಯ. ಅದನ್ನು ಬರೆದಿಡಬೇಕು.

ಊಟ–ನೀರಿನ ಮಾತಿಗೆ ಬರೋಣ. ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕು, ಹೋದರೆ ವಾರ್ಡು ಖಾಲಿ, ಅದಕ್ಕೆ ನೀರನ್ನೇ ಕುಡಿಯುವುದಿಲ್ಲ. ಈ ಲೆಕ್ಕವನ್ನು ನನ್ನ ಮುಂದೆ ಒಬ್ಬ ಎಳೆ ವಯಸ್ಸಿನ ಸಿಸ್ಟರ್ ಏನೂ ವಿಶೇಷವಿಲ್ಲವೆಂಬಂತೆ ಹೇಳಿದಳು. ಏಪ್ರಿಲ್–ಮೇ ತಿಂಗಳ ನಮ್ಮ ಎರಿನಾಡಿನ ಬಿಸಿಲಲ್ಲಿ! ಉರಿಮೂತ್ರ, ಕಲ್ಲು ಇವಕ್ಕೆ ಇದಕ್ಕಿಂತ ನೆಟ್ಟಗಿನ ದಾರಿಯಿಲ್ಲ. ಸಿಬ್ಬಂದಿಗೆಂದೇ ಚಿಲಕವಿರುವ, ನೀರಿರುವ ಒಂದು ಶೌಚಾಲಯ ನಿಮ್ಮ ದವಾಖಾನೆಯಲ್ಲಿ ಇಲ್ಲದಿದ್ದರೆ ಎಲ್ಲರೂ ಸಹಿ ಮಾಡಿ ಅರ್ಜಿ ಕೊಡಿ. ಇದು ಕೇಳಲು ಸಂಕೋಚಪಡುವ ಬೇಡಿಕೆಯಲ್ಲ.

ತಿನ್ನುವುದಕ್ಕೆ ಹೊಸ ಡಯಟ್ ಏನೂ ಬೇಕಿಲ್ಲ. ಜೋಳದ ರೊಟ್ಟಿ, ಮೊಳಕೆ ಮಡಕಿಕಾಳು, ಶೇಂಗಾ ಇಲ್ಲವೆ ಗುರೆಳ್ಳು ಚಟ್ನಿ, ಮೊಸರು, ಮೇಲೆ ಹಸಿ ಹಕ್ಕರಕಿ, ಮೆಂತೆ, ಸವತೆಕಾಯಿ. ಇದನ್ನು ಡಬ್ಬಿಗೆ ಹಾಕಿಕೊಂಡು ಹೊರಟ ಸಿಸ್ಟರ್‌ಗೆ ಯಾವ ಡಯಟಿಷಿಯನ್ ಕೂಡ ತಪ್ಪು ಹುಡುಕಲಾರ. ಕೆಡುವುದು ರಾತ್ರಿ ಹನ್ನೆರಡರ ನಂತರ. ಚಹಾ–ಬಿಸ್ಕಿಟ್, ಮಿರ್ಚಿ ಭಜಿ, ಹೆರಿಗೆ ವಾರ್ಡಿಗೆ ಬರುವ ಪೇಡೆ ಡಬ್ಬಿ. ಸಂತೋಷದಿಂದ ಕೊಟ್ಟದ್ದನ್ನು ಬೇಡವೆನ್ನಬೇಡಿ, ಚೂರು ಮುರಿದು ಬಾಯಿಗಿಟ್ಟು ಮುಂದಕ್ಕೆ ಹಂಚಿ. ರಾತ್ರಿಗೆ ಹುರಿದ ಶೇಂಗಾ, ಪುಟಾಣಿ, ಒಂದು ಹಣ್ಣು ಜೊತೆಗಿರಲಿ. ಬಸುರಿಯರಿಗೆ ಕಬ್ಬಿಣದ ಗುಳಿಗೆ ಎಣಿಸಿ ಕೊಡುವ ನೀವು ನಿಮ್ಮ ಹಿಮೋಗ್ಲೋಬಿನ್ ಕಡೆಯ ಸಲ ನೋಡಿದ್ದು ಯಾವಾಗ? ಹೆಣ್ಣುಮಕ್ಕಳಿಗೆ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ದಣಿವು ಕೆಲಸದ್ದೋ ರಕ್ತದ್ದೋ ಎಂದು ನೋಡದೆ ಗೊತ್ತಾಗುವುದಿಲ್ಲ.

‘ವಾರ್ಡಿನಾಗ ಓಡ್ಯಾಡೂದ ಸಾಕಲ್ಲ, ಮತ್ಯಾಕ ವಾಕಿಂಗ್?’ ಎನ್ನುವವರು ಬಹಳ. ಆ ಓಡಾಟ ಹತ್ತು ಹೆಜ್ಜೆ ನಡೆದು ನಿಲ್ಲುವ, ಬಗ್ಗುವ, ಮತ್ತೆ ಓಡುವ ಓಡಾಟ. ಮೈ ದಣಿಯುತ್ತದೆ, ಎದೆಗೆ ಬೇಕಾದ ಒಂದೇ ಸಮನೆಯ ವ್ಯಾಯಾಮ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷದ ಚುರುಕು ನಡಿಗೆ, ಜೊತೆಗೆ ಎರಡು ದಿನ ಸ್ನಾಯು ಗಟ್ಟಿ ಮಾಡುವ ಕಸರತ್ತು. ದಿನಕ್ಕೆ ಅರ್ಧ ತಾಸಿನಂತೆ ಐದು ದಿನ ಸಾಕು. ತಾಲ್ಲೂಕು ಊರಿನಲ್ಲಿ ಹೆಂಗಸು ಒಬ್ಬಳೇ ನಡೆಯಲು ಹೊರಟರೆ ನೋಡುವ ಕಣ್ಣುಗಳು ನನಗೆ ಗೊತ್ತು. ಆದ್ದರಿಂದ ಮೂವರಾಗಿ ಹೋಗಿ. ಕಿತ್ತೂರಿನವರಿಗೆ ಕೋಟೆಯ ಬಯಲಿದೆ, ಬೇರೆಡೆ ಕಾಲೇಜಿನ ಮೈದಾನವಿದೆ. ನರ್ಸಿಂಗ್ ಓದುವಾಗ ಖೋ ಖೋ ಆಡಿದವರು, ಥ್ರೋಬಾಲ್ ಆಡಿದವರು ನಿಮ್ಮಲ್ಲೇ ಇದ್ದೀರಿ. ನಾಲ್ಕು ತಾಲ್ಲೂಕಿನವರು ಮುಂದಿನ ಮೇ 12ಕ್ಕೆ ಶಾಲಿನ ಬದಲು ಒಂದು ಚೆಂಡು, ಒಂದು ಬಲೆ ಕೇಳಿ ನೋಡಿ.

ಮೂವತ್ತು ದಾಟಿದ ಹೆಣ್ಣುಮಕ್ಕಳಿಗೆ ಗರ್ಭಕಂಠದ, ಸ್ತನದ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳಿ ಎಂದು ಹೇಳುವವರು ನೀವು. ನಿಮ್ಮದನ್ನು ಮಾಡಿಸಿಕೊಳ್ಳಲು ಇರುವ ತೊಡಕೂ ನನಗೆ ಅರ್ಥವಾಗುತ್ತದೆ. ದಿನಾ ಜೊತೆಗೆ ಕೂತು ಚಹಾ ಕುಡಿಯುವವರ ಮುಂದೆ ಪರೀಕ್ಷೆಯ ಟೇಬಲ್ ಹತ್ತುವುದು ಹೇಗೆ? ಅದಕ್ಕೊಂದು ಸುಲಭ ದಾರಿಯಿದೆ. ಬೈಲಹೊಂಗಲದವರು ಸವದತ್ತಿಗೆ ಹೋಗಿ, ಸವದತ್ತಿಯವರು ರಾಮದುರ್ಗಕ್ಕೆ ಹೋಗಿ. ಪಕ್ಕದ ತಾಲ್ಲೂಕಿನ ಸಿಸ್ಟರ್ ನಿಮ್ಮ ಗುಟ್ಟನ್ನು ಗುಟ್ಟಾಗಿಯೇ ಇಡುತ್ತಾಳೆ, ಅವಳ ಗುಟ್ಟನ್ನು ನೀವು ಇಡಿ.

ಮನಸ್ಸಿನ ಭಾರವನ್ನು ಅಳೆಯುವ ಯಂತ್ರವಿಲ್ಲ. ಹೆರಿಗೆಯಲ್ಲಿ ತಾಯಿ ಹೋದ ರಾತ್ರಿ, ಸಂಬಂಧಿಕರು ಕೈ ಎತ್ತಿದ ರಾತ್ರಿ ಮನೆಗೆ ಬಂದು ಯಾರಿಗೂ ಹೇಳದೆ ಮಲಗುತ್ತೀರಿ. ಕೈ ಎತ್ತಿದವರ ಮೇಲೆ 2009ರ ರಾಜ್ಯ ಕಾಯ್ದೆಯಡಿ ದೂರು ಕೊಡಬಹುದು. ಡಾಕ್ಟರಿಗೆ ಇರುವ ರಕ್ಷಣೆ ನರ್ಸ್‌ಗೂ ಅದರಲ್ಲಿದೆ. ಎದೆಯೊಳಗಿನದನ್ನು ಹೇಳಿಕೊಳ್ಳಲು 14416ಕ್ಕೆ ಕರೆ ಮಾಡಿ, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ, ಯಾವ ಹೊತ್ತಿಗಾದರೂ ಎತ್ತುತ್ತಾರೆ.

ಇಷ್ಟೆಲ್ಲ ನಿಮಗೇ ಹೇಳಿ, ನಿಮ್ಮ ಮೇಲಿನವರನ್ನು ಬಿಟ್ಟರೆ ಅನ್ಯಾಯವಾದೀತು. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆನ್ನುವುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ಅದು ನಮ್ಮ ವಾರ್ಡುಗಳಿಂದ ಎಷ್ಟು ದೂರವಿದೆಯೆಂದು ವಾರ್ಡಿನೊಳಗೆ ಒಮ್ಮೆ ಕಾಲಿಟ್ಟವರಿಗೆ ಹೇಳಬೇಕಿಲ್ಲ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು. ಬದಲಿಗೆ ಬರುವವರೇ ಇಲ್ಲದ ವಾರ್ಡಿನಲ್ಲಿ ಆ ರಜೆಯನ್ನು ಕೇಳುವವರು ಯಾರು? ಗುತ್ತಿಗೆಯ ಮೇಲಿರುವ ತಂಗಿಯಂತೂ ಜ್ವರ ಬಂದರೂ ಬಾಯಿ ಬಿಡುವುದಿಲ್ಲ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 2025ರ ದಾದಿಯರ ದಿನಕ್ಕೆ ಕೊಟ್ಟ ಘೋಷವಾಕ್ಯವೇ ನರ್ಸ್‌ಗಳ ಆರೈಕೆ ಕುರಿತದ್ದು. ಘೋಷವಾಕ್ಯದ ಬ್ಯಾನರ್ ಕಟ್ಟಿದ ಗೋಡೆಯ ಹಿಂದೆ, ವಿಶ್ರಾಂತಿಗೆ ಒಂದು ಕೋಣೆ, ಒಂದು ಮಂಚ, ಒಂದು ಫ್ಯಾನು, ಕುಡಿಯಲು ನೀರು ಇದೆಯೇ ಎಂದು ಶಾಸಕರು, ಆರೋಗ್ಯಾಧಿಕಾರಿಗಳು ಬಂದು ನೋಡಬೇಕು. ವರ್ಷಕ್ಕೊಮ್ಮೆ ಪ್ರತಿ ಸಿಬ್ಬಂದಿಯ ಪೂರ್ಣ ತಪಾಸಣೆಯನ್ನು ಡ್ಯೂಟಿಯ ಹೊತ್ತಿನಲ್ಲೇ ಮಾಡಿಸಬೇಕು, ರಜೆಯ ದಿನದಲ್ಲಲ್ಲ. ನಾವು ಊರವರು ಇದನ್ನು ನಿಮ್ಮ ಪರವಾಗಿ ಕೇಳಬೇಕು. ಗ್ರಾಮಸಭೆಯಲ್ಲಿ ರಸ್ತೆ, ಗಟಾರ ಕೇಳುವಂತೆಯೇ ಕೇಳಬೇಕು. ಈ ಸಲ ನಮ್ಮೂರಿನ ಗ್ರಾಮಸಭೆಯಲ್ಲಿ ನಾನು ಕೇಳುತ್ತೇನೆ.

ಅವ್ವ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಬಲಗೈಯಲ್ಲಿ ಪೆನ್ನು ನಿಲ್ಲುವುದಿಲ್ಲ. ಅದಕ್ಕೆ ಅವಳ ನೋಟ್‌ಬುಕ್ಕಿನ ಕಡೆಯ ಹಾಳೆಯಲ್ಲಿ ಅವಳ ಹೆಸರನ್ನು ನಾನೇ ಬರೆದೆ. ಪ್ರತಿ ಸೋಮವಾರ ಅವಳದೇ ಹಳೆಯ ಮಷೀನಿನಿಂದ ನೋಡಿ, ತಾರೀಖು ಹಾಕಿ ಬರೆಯುತ್ತೇನೆ. ಪಟ್ಟಿ ಸರಿಯಾಗಿ ಸುತ್ತಿಲ್ಲವೆಂದು ಇನ್ನೂ ಬೈಯುತ್ತಾಳೆ. ನಿನ್ನೆ 134/84 ಇತ್ತು.

ನಿಮ್ಮ ಮುಂದಿನ ಪಾಳಿಯಲ್ಲಿ, ಚಹಾ ಕುಡಿಯುವುದಕ್ಕೂ ಮುಂಚೆ, ಐದು ನಿಮಿಷ ಬೆನ್ನು ಆನಿಸಿ ಕುಳಿತುಕೊಳ್ಳಿ. ಪಕ್ಕದ ಸಿಸ್ಟರ್ ಕೈಗೆ ಮಷೀನು ಕೊಟ್ಟು ತೋಳು ಚಾಚಿ. ಎಷ್ಟೇ ಬರಲಿ, ಬರೆದುಕೊಳ್ಳಿ. ಆಮೇಲೆ ಅವಳ ತೋಳಿಗೆ ನೀವು ಕಟ್ಟಿ.

ಇಂತಿ,
ಒಬ್ಬ ನರ್ಸಬಾಯಿಯ ಮಗಳು